ರೆಫರಿ ತೀರ್ಪು ಕೊಟ್ಟ ಮೇಲಿನ ಐದು ನಿಮಿಷ: ತಂಡ ತಾಳ್ಮೆ ಕಳೆದುಕೊಳ್ಳದಂತೆ ತಯಾರು ಮಾಡುವುದು ಹೇಗೆ?

2023ರ ಮಾರ್ಚ್ 19. ಇಂಗ್ಲೆಂಡ್‌ನ ಫುಟ್‌ಬಾಲ್ ಟೂರ್ನಿ ಎಫ್‌ಎ ಕಪ್‌ನ ಕ್ವಾರ್ಟರ್ ಫೈನಲ್. ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಫುಲ್‌ಹ್ಯಾಮ್ 1-0 ಮುಂದಿತ್ತು. ಪಂದ್ಯ ಮುಗಿಯೋಕೆ ಇನ್ನು ಸುಮಾರು ಇಪ್ಪತ್ತು ನಿಮಿಷ ಬಾಕಿ. ಗೋಲಿನೊಳಕ್ಕೆ ಹೋಗುತ್ತಿದ್ದ ಚೆಂಡು ಫುಲ್‌ಹ್ಯಾಮ್‌ನ ವಿಲಿಯನ್ ಕೈಗೆ ತಾಗಿತು. ರೆಫರಿ ಕ್ರಿಸ್ ಕವಾನಾ ವಿಎಆರ್ (ವಿಡಿಯೋ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಪರದೆ ನೋಡಲು ಬಂದರು. ಅಲ್ಲೇ ಇದ್ದ ಫುಲ್‌ಹ್ಯಾಮ್ ಕೋಚ್ ಮಾರ್ಕೊ ಸಿಲ್ವಾ ಕೂಗಾಡಿ ಕೆಂಪು ಕಾರ್ಡ್ ತಗೊಂಡರು. ಹ್ಯಾಂಡ್‌ಬಾಲ್‌ಗೆ ವಿಲಿಯನ್‌ಗೂ ಕೆಂಪು ಬಂತು. ಆಮೇಲೆ ಫುಲ್‌ಹ್ಯಾಮ್‌ನ ಇನ್ನೊಬ್ಬ ಆಟಗಾರ ಮಿಟ್ರೊವಿಚ್ ರೆಫರಿಯನ್ನೇ ತಳ್ಳಿದ. ಅವನಿಗೂ ಕೆಂಪು. ಇಷ್ಟೆಲ್ಲ ಆಗಿದ್ದು ಒಂದು ನಿಮಿಷದೊಳಗೆ.

75ನೇ ನಿಮಿಷಕ್ಕೆ ಯುನೈಟೆಡ್‌ಗೆ ಪೆನಾಲ್ಟಿ ಗೋಲು, 77ನೇ ನಿಮಿಷಕ್ಕೆ ಇನ್ನೊಂದು. ಕೊನೆಗೆ ಯುನೈಟೆಡ್ 3-1. ಮಿಟ್ರೊವಿಚ್‌ಗೆ 8 ಪಂದ್ಯಗಳ ನಿಷೇಧ.

ಈಗ ಒಂದು ಲೆಕ್ಕ ಹಾಕಿ ನೋಡಿ. ನಿಯಮದ ಪ್ರಕಾರ ಆ ಹ್ಯಾಂಡ್‌ಬಾಲ್‌ಗೆ ಫುಲ್‌ಹ್ಯಾಮ್ ತೆರಬೇಕಾಗಿದ್ದು ಒಂದು ಪೆನಾಲ್ಟಿ, ಒಬ್ಬ ಆಟಗಾರ. ಪೆನಾಲ್ಟಿ ಗೋಲಾದರೂ 1-1, ಹತ್ತು ಜನ. ಗೆಲ್ಲೋಕೆ ಅವಕಾಶ ಇತ್ತು. ಎರಡನೇ ಆಟಗಾರನನ್ನು, ಕೋಚನ್ನು ರೆಫರಿ ಕಿತ್ತುಕೊಳ್ಳಲಿಲ್ಲ. ಫುಲ್‌ಹ್ಯಾಮ್ ತಾನಾಗಿಯೇ ಕೊಟ್ಟಿತು.

ಎಷ್ಟೋ ವರ್ಷಗಳಿಂದ ಹುಡುಗರ ತಂಡಗಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ನನಗೆ ಮನವರಿಕೆಯಾಗಿರುವುದು ಇಷ್ಟು: ತಂಡಗಳನ್ನು ಸೋಲಿಸುವುದು ಕೆಟ್ಟ ತೀರ್ಪಿಗಿಂತ ಜಾಸ್ತಿ, ಆ ತೀರ್ಪಿನ ನಂತರದ ಐದು ನಿಮಿಷ. ಕಾರ್ನರ್ ಕಿಕ್‌ಗೆ ಅಭ್ಯಾಸ ಮಾಡುತ್ತೇವೆ, ಪೆನಾಲ್ಟಿಗೆ ಮಾಡುತ್ತೇವೆ. ಈ ಐದು ನಿಮಿಷಕ್ಕೆ ಯಾರೂ ಮಾಡುವುದಿಲ್ಲ. ಮಾಡಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ಕೋಚ್‌ಗಳಿಗೆ, ಕ್ಯಾಪ್ಟನ್‌ಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸುಮ್ನೆ ಆಡುವವರಿಗೂ ಬೇಕಾದ್ದು ಇದರಲ್ಲಿದೆ.

ಮೊದಲು, ಎಡವುವುದು ಎಲ್ಲಿ ಅಂತ ಗುರುತಿಸಿ

ತಾಳ್ಮೆ ಕಳೆದುಕೊಳ್ಳುವುದು ಅಂದರೆ ಬರೀ ಕೂಗಾಟ, ತಳ್ಳಾಟ ಅಂದುಕೊಳ್ಳುತ್ತೇವೆ. ಅದು ಕಣ್ಣಿಗೆ ಕಾಣುವ ಭಾಗ ಅಷ್ಟೇ. ಕಾಣದ ಭಾಗ ಇನ್ನೂ ದುಬಾರಿ.

ನಮ್ಮ ಹುಡುಗರ ಒಂದು ಪಂದ್ಯ. ಹದಿನೈದು ವರ್ಷದೊಳಗಿನವರು. ಚೆಂಡು ಸೈಡ್‌ಲೈನ್ ದಾಟಿತು. ನಮ್ಮ ಬಲಗಡೆಯ ಡಿಫೆಂಡರ್ ಥ್ರೋ ನಮ್ಮದೇ ಅಂದುಕೊಂಡಿದ್ದ. ಲೈನ್ಸ್‌ಮನ್ ಬಾವುಟ ಅವರ ಕಡೆಗೆ ತೋರಿಸಿದರು. ಹುಡುಗ ಎರಡೂ ಕೈ ಮೇಲೆತ್ತಿ ಅವರತ್ತ ತಿರುಗಿದ. ಕೆಟ್ಟ ಮಾತಾಡಲಿಲ್ಲ. ಬರೀ "ಸರ್, ಏನ್ ಸರ್ ಇದು?" ಅಂದ. ಅವನ ಬೆನ್ನ ಹಿಂದೆ ಅವರ ವಿಂಗರ್ ಓಡಿದ, ಥ್ರೋ ಅವನ ಕಾಲಿಗೆ ಬಂತು, ಒಂದು ಕ್ರಾಸ್, ಗೋಲು. ಆಮೇಲೆ ಮೊಬೈಲ್ ವಿಡಿಯೋ ಹಾಕಿ ಎಣಿಸಿದೆವು. ಬಾವುಟ ಎದ್ದಿದ್ದಕ್ಕೂ ಚೆಂಡು ಬಲೆಗೆ ಬಿದ್ದಿದ್ದಕ್ಕೂ ನಡುವೆ ಒಂಬತ್ತು ಸೆಕೆಂಡು. ಅದರಲ್ಲಿ ನಾಲ್ಕು ಸೆಕೆಂಡು ಹುಡುಗನ ಮುಖ ಮೈದಾನದ ಹೊರಗಿತ್ತು. "ಸರ್, ಅವನು ಓಡಿದ್ದು ನಾನು ನೋಡ್ಲೇ ಇಲ್ಲ" ಅಂದ. ಅದೇ ವಿಡಿಯೋವನ್ನು ನಿಧಾನವಾಗಿ ಹಾಕಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಚೆಂಡು ಅವನ ಮೊಣಕಾಲಿನ ಕೆಳಗೆ ತಾಗಿಯೇ ಹೊರಗೆ ಹೋಗಿತ್ತು. ಲೈನ್ಸ್‌ಮನ್ ಹೇಳಿದ್ದೇ ಸರಿ.

ಹಾಗಾಗಿ ತಂಡ ಎಡವುವುದು ಮೂರು ರೀತಿಯಲ್ಲಿ. ಒಂದು, ಚೆಂಡಿನ ಮೇಲಿನ ಕಣ್ಣು ತಪ್ಪುವುದು. ಇದಕ್ಕೆ ಸೆಕೆಂಡುಗಳು ಸಾಕು. ಎರಡು, ಸೇಡಿನ ಆಟ. ಅಂದರೆ ಮುಂದಿನ ಎರಡು ಮೂರು ನಿಮಿಷದಲ್ಲಿ ಬೇಕಿಲ್ಲದ ಟ್ಯಾಕಲ್, ಬೇಕಿಲ್ಲದ ಕಾರ್ಡ್. ಮೂರನೆಯದು ಅವಸರ. ಅನ್ಯಾಯವಾದದ್ದನ್ನು ಈಗಲೇ ವಾಪಸ್ ತಗೋಬೇಕು ಅಂತ ಎಲ್ಲರೂ ಮುಂದಕ್ಕೆ ನುಗ್ಗುವುದು.

ಮೂರನೆಯದಕ್ಕೆ ಹತ್ತಿರವಾದ ಉದಾಹರಣೆ 2010ರ ವಿಶ್ವಕಪ್‌ನಲ್ಲಿದೆ. ಬ್ಲೂಮ್‌ಫಾಂಟೇನ್‌ನಲ್ಲಿ ಜರ್ಮನಿ 2-1 ಮುಂದಿದ್ದಾಗ ಇಂಗ್ಲೆಂಡ್‌ನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಮೇಲಿನ ಕಂಬಕ್ಕೆ ಬಡಿದು ಗೋಲ್ ಗೆರೆಯ ಒಳಗೆ ಬಿದ್ದು ಹೊರಗೆ ಚಿಮ್ಮಿತು. ಟಿವಿ ಮುಂದೆ ಕೂತವರಿಗೆಲ್ಲ ಕಂಡಿತು. ರೆಫರಿ ಹೋರ್ಗೆ ಲಾರಿಯೊಂಡಾ ಅವರಿಗೆ, ಲೈನ್ಸ್‌ಮನ್‌ಗೆ ಕಾಣಲಿಲ್ಲ. ಅದು ದೊಡ್ಡ ಅನ್ಯಾಯವೇ. ಅದರಲ್ಲಿ ಎರಡು ಮಾತಿಲ್ಲ. ಗೋಲ್ ಗೆರೆಯ ತಂತ್ರಜ್ಞಾನಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿದ್ದರ ಹಿಂದೆ ಆ ಘಟನೆಯೂ ಇದೆ. ಆದರೆ ಆಗ ಇಂಗ್ಲೆಂಡ್ ಹಿಂದಿದ್ದದ್ದು ಒಂದೇ ಗೋಲಿನಿಂದ, ಇಡೀ ದ್ವಿತೀಯಾರ್ಧ ಕೈಯಲ್ಲಿತ್ತು. 67 ಮತ್ತು 70ನೇ ನಿಮಿಷಗಳಲ್ಲಿ ಥಾಮಸ್ ಮುಲ್ಲರ್ ಎರಡು ಗೋಲು ಹೊಡೆದ. ಎರಡೂ ಕೌಂಟರ್ ಅಟ್ಯಾಕ್. ಇಂಗ್ಲೆಂಡ್‌ನವರು ಮುಂದೆ ಹೋಗಿದ್ದರು, ಹಿಂದೆ ಕಾಯೋಕೆ ಸಾಕಷ್ಟು ಜನ ಇರಲಿಲ್ಲ. ಪಂದ್ಯ 4-1.

ನಿಮ್ಮ ತಂಡ ಇವುಗಳಲ್ಲಿ ಯಾವುದರಲ್ಲಿ ಜಾಸ್ತಿ ಎಡವುತ್ತದೆ? ಕಳೆದ ನಾಲ್ಕೈದು ಪಂದ್ಯ ನೆನಪು ಮಾಡಿಕೊಂಡು ಒಂದು ಕಾಗದದಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ ಚಿಕ್ಕವರು ಮೊದಲನೆಯದರಲ್ಲಿ ಎಡವುತ್ತಾರೆ, ದೊಡ್ಡವರು ಎರಡನೆಯದರಲ್ಲಿ.

ನಿಯಮ ಪುಸ್ತಕ ಎಲ್ಲರೂ ಸೇರಿ ಓದಿ

ಸೀಸನ್ ಶುರುವಾಗುವ ಮುಂಚೆ ಒಂದು ಗಂಟೆ ಇದಕ್ಕಿಡಿ. ಸಿಟ್ಟಿನ ಅರ್ಧ ಭಾಗ ನಿಯಮ ಗೊತ್ತಿಲ್ಲದೆ ಬರುವುದು. ಈ ಕೆಳಗಿನವು ಪ್ರತಿ ಆಟಗಾರನಿಗೂ ಬಾಯಿಪಾಠ ಆಗಿರಲಿ.

ಐದನೇ ನಿಯಮದ ಪ್ರಕಾರ ಆಟದಲ್ಲಿ ನಡೆದ ಸಂಗತಿಗಳ ಬಗ್ಗೆ ರೆಫರಿ ಹೇಳಿದ್ದೇ ಅಂತಿಮ. ಗೋಲು ಆಯಿತೋ ಇಲ್ಲವೋ ಅನ್ನುವುದೂ ಇದರಲ್ಲಿ ಸೇರಿದೆ. ರೆಫರಿ ತಮ್ಮ ತೀರ್ಪು ಬದಲಿಸಬಹುದು, ಆದರೆ ಆಟ ಮತ್ತೆ ಶುರುವಾಗುವ ಮುಂಚೆ ಮಾತ್ರ. ಅದೂ ತಮಗೇ ತಪ್ಪು ಅನ್ನಿಸಿದರೆ, ಇಲ್ಲವೇ ಸಹಾಯಕ ರೆಫರಿಗಳು ಹೇಳಿದರೆ. ಎಂಟು ಜನ ಸುತ್ತುವರಿದು ಕೂಗಿದರೆ ತೀರ್ಪು ಬದಲಾಗುತ್ತದೆ ಅಂತ ಎಲ್ಲೂ ಬರೆದಿಲ್ಲ. ಮಾತಿನಿಂದ ಅಥವಾ ಕೈಸನ್ನೆಯಿಂದ ವಿರೋಧ ತೋರಿಸಿದರೆ ಹಳದಿ ಕಾರ್ಡ್. ಬೈದರೆ, ಅವಮಾನ ಮಾಡಿದರೆ ಕೆಂಪು. ಚೆಂಡನ್ನು ಒದ್ದು ದೂರ ಕಳಿಸಿದರೆ, ಕೈಯಲ್ಲಿ ಹಿಡಿದು ಆಟ ತಡ ಮಾಡಿದರೆ ಹಳದಿ. ಫ್ರೀ ಕಿಕ್‌ಗೆ 9.15 ಮೀಟರ್ ಬಿಟ್ಟು ನಿಲ್ಲದಿದ್ದರೂ ಹಳದಿ.

ವಿಎಆರ್ ಇರುವ ಪಂದ್ಯವಾದರೆ ಇನ್ನೊಂದಿಷ್ಟು ಹೇಳಬೇಕು. 2018ರ ವಿಶ್ವಕಪ್‌ಗೆ ವಿಎಆರ್ ಬಂದಾಗ ಅದಕ್ಕಿದ್ದದ್ದು ನಾಲ್ಕೇ ಕೆಲಸ: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಮತ್ತೆ ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ಕೊಟ್ಟಿದ್ದರೆ ಅದನ್ನು ಸರಿಪಡಿಸುವುದು. ಮೈದಾನದ ನಡುವಿನ ಸಾಧಾರಣ ಫೌಲ್‌ಗೆ ಅದು ಬರುವುದಿಲ್ಲ. ಕೈಯಲ್ಲಿ ಟಿವಿ ಚೌಕ ಬರೆದು ತೋರಿಸುತ್ತಲೇ ಇದ್ದರೆ ಅದಕ್ಕೂ ಹಳದಿ. ಎಷ್ಟೋ ಹುಡುಗರು ಟಿವಿಯಲ್ಲಿ ನೋಡಿ ಇದನ್ನು ಕಲಿತಿರುತ್ತಾರೆ. ವಿಎಆರ್ ಇಲ್ಲದ ಪಂದ್ಯದಲ್ಲೂ ಚೌಕ ಬರೆಯುತ್ತಾರೆ!

ಇಂಗ್ಲೆಂಡ್‌ನ ಕೆಳ ಹಂತದ ಪಂದ್ಯಗಳಲ್ಲಿ 2019-20ರಿಂದ ವಿರೋಧ ತೋರಿಸಿದವರನ್ನು ಹತ್ತು ನಿಮಿಷ ಹೊರಗೆ ಕೂರಿಸುತ್ತಾರೆ. ನಿಮ್ಮ ಟೂರ್ನಿಯಲ್ಲಿ ಅಂಥ ಏನಾದರೂ ವಿಶೇಷ ನಿಯಮ ಇದೆಯಾ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ.

ರೆಫರಿ ಹತ್ತಿರ ಮಾತಾಡುವವನು ಒಬ್ಬನೇ

2024ರ ಯೂರೋ ಕಪ್‌ನಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಒಂದು ಕ್ರಮ ತಂದಿತು. ತೀರ್ಪಿನ ಬಗ್ಗೆ ಕೇಳೋಕೆ ರೆಫರಿ ಹತ್ತಿರ ಕ್ಯಾಪ್ಟನ್ ಒಬ್ಬನೇ ಹೋಗಬೇಕು. ಬೇರೆ ಯಾರು ಹೋಗಿ ಜಗಳಕ್ಕೆ ನಿಂತರೂ ಹಳದಿ. ಗೋಲ್‌ಕೀಪರ್ ಕ್ಯಾಪ್ಟನ್ ಆಗಿದ್ದರೆ ಆ ಕೆಲಸಕ್ಕೆ ಮೈದಾನದ ಒಬ್ಬ ಆಟಗಾರನನ್ನು ಮೊದಲೇ ಗೊತ್ತು ಮಾಡಿರಬೇಕು. ನಿಮ್ಮ ಟೂರ್ನಿಯಲ್ಲಿ ಈ ನಿಯಮ ಇಲ್ಲದಿದ್ದರೂ ನೀವಾಗಿಯೇ ಹಾಕಿಕೊಳ್ಳಿ. ಇದೊಂದು ಬದಲಾವಣೆಯಿಂದ ನಮ್ಮ ತಂಡಕ್ಕೆ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ.

ಆದರೆ ಕ್ಯಾಪ್ಟನ್‌ಗೆ "ನೀನು ಮಾತಾಡು" ಅಂತ ಬಿಟ್ಟರೆ ಸಾಲದು. ಹೇಗೆ ಮಾತಾಡಬೇಕು ಅಂತ ಹೇಳಿಕೊಡಬೇಕು. ಓಡಬೇಡ, ನಡೆದುಕೊಂಡು ಹೋಗು. ಓಡಿ ಬಂದವನು ಜಗಳಕ್ಕೆ ಬಂದಂತೆ ಕಾಣುತ್ತಾನೆ. ಕೈ ಬೆನ್ನ ಹಿಂದಿರಲಿ. ಎರಡು ಹೆಜ್ಜೆ ದೂರ ನಿಲ್ಲು. ವಾದ ಬೇಡ, ಪ್ರಶ್ನೆ ಕೇಳು. "ಸರ್, ಅದು ಹೇಗೆ ಫೌಲ್ ಆಗುತ್ತೆ?" ಅನ್ನುವುದು ವಾದ. "ಸರ್, ಯಾವುದಕ್ಕೆ ಕೊಟ್ಟಿರಿ ಅಂತ ಹೇಳ್ತೀರಾ? ಹುಡುಗರಿಗೆ ತಿಳಿಸ್ತೀನಿ" ಅನ್ನುವುದು ಪ್ರಶ್ನೆ. ರೆಫರಿ "ಕೈ ಹಾಕಿ ಎಳೆದ" ಅಂದರೆ "ಸರಿ ಸರ್" ಅಂದು ವಾಪಸ್ ಬಾ. ಒಂದೇ ಪ್ರಶ್ನೆ, ಒಂದೇ ಉತ್ತರ. "ಆಗಲೇ ಅವರಿಗೆ ಕೊಡಲಿಲ್ಲವಲ್ಲ" ಅನ್ನುವ ಮಾತು ಮಾತ್ರ ಬಾಯಿಂದ ಬರಬಾರದು. ಅದರಿಂದ ಏನೂ ಸಿಗುವುದಿಲ್ಲ, ರೆಫರಿಗೆ ನೀವು ಅವರ ನಿಯತ್ತನ್ನೇ ಶಂಕಿಸಿದ ಹಾಗೆ ಕೇಳಿಸುತ್ತದೆ.

ಈ ಪ್ರಶ್ನೆಯಿಂದ ತೀರ್ಪು ಬದಲಾಗಲ್ಲ. ಉದ್ದೇಶವೂ ಅದಲ್ಲ. ಈ ರೆಫರಿ ಇವತ್ತು ಯಾವುದಕ್ಕೆ ಸೀಟಿ ಊದುತ್ತಾರೆ ಅನ್ನುವ ಮಾಹಿತಿ ಸಿಗುತ್ತದೆ. ಜೊತೆಗೆ ಹತ್ತು ಸೆಕೆಂಡು ಸಮಯವೂ ಸಿಗುತ್ತದೆ. ಅಷ್ಟರಲ್ಲಿ ಉಳಿದ ಹತ್ತು ಜನ ತಮ್ಮ ಜಾಗಕ್ಕೆ ಹೋಗಿರಬೇಕು.

ಒಂದು ವಿಷಯ ಕ್ಯಾಪ್ಟನ್‌ಗೆ ಸ್ಪಷ್ಟವಾಗಿ ಹೇಳಿ. ಮೂರನೇ ನಿಯಮದಲ್ಲಿ ಕ್ಯಾಪ್ಟನ್‌ಗೆ ವಿಶೇಷ ಹಕ್ಕು ಏನೂ ಇಲ್ಲ. ತಂಡದ ನಡತೆಯ ಬಗ್ಗೆ ಜವಾಬ್ದಾರಿ ಮಾತ್ರ ಇದೆ. ಹಾಗಾಗಿ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನನ್ನೇ ಕ್ಯಾಪ್ಟನ್ ಮಾಡಬೇಕಿಲ್ಲ. ಬೇಗ ಸಿಟ್ಟಾಗದವನನ್ನು ಮಾಡಿ.

ಸೀಟಿ ಊದಿದ ಮೇಲಿನ ಮೊದಲ ಹತ್ತು ಸೆಕೆಂಡು

ಇಲ್ಲಿ ಪ್ರತಿಯೊಬ್ಬನಿಗೂ ಒಂದು ಕೆಲಸ ಬೇಕು. ಕೆಲಸ ಇಲ್ಲದ ಬಾಯಿಯೇ ಜಾಸ್ತಿ ಮಾತಾಡುವುದು.

ಚೆಂಡಿಗೆ ಹತ್ತಿರ ಇರುವವನು ಚೆಂಡು ನೋಡುತ್ತಾ ನಿಲ್ಲಬೇಕು. ಬೆನ್ನು ತಿರುಗಿಸಬಾರದು. ಉಳಿದವರು ಚೆಂಡಿಗೂ ನಮ್ಮ ಗೋಲಿಗೂ ನಡುವೆ ಬರಬೇಕು. ಗೋಲ್‌ಕೀಪರ್ ಒಂದು ಮಾತು ಕೂಗಬೇಕು. ಇಡೀ ಮೈದಾನ ಅವನ ಕಣ್ಣ ಮುಂದಿರುತ್ತದೆ, ಅದಕ್ಕೇ ಅವನು. ನಮ್ಮ ತಂಡದ ಮಾತು "ಮುಂದಿನ ಚೆಂಡು!" ನಿಮ್ಮದು ಯಾವುದಾದರೂ ಆಗಬಹುದು, ಚಿಕ್ಕದಾಗಿರಲಿ. ಆ ಕೂಗು ಕೇಳಿದ ಕೂಡಲೇ ವಾದ ಬಂದ್.

ಆಮೇಲೆ ಜೋಡಿ. ಪ್ರತಿ ತಂಡದಲ್ಲೂ ಇಬ್ಬರೋ ಮೂವರೋ ಬೇಗ ಉರಿದೇಳುವವರು ಇರುತ್ತಾರೆ. ಅವರು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಅವರಿಗೂ ಗೊತ್ತಿರುತ್ತದೆ. ಅಂಥ ಒಬ್ಬೊಬ್ಬನಿಗೂ ಹತ್ತಿರದ ಜಾಗದಲ್ಲಿ ಆಡುವ ಒಬ್ಬ ಜೊತೆಗಾರನನ್ನು ನೇಮಿಸಿ. ಗಲಾಟೆ ಆದಾಗ ಜೊತೆಗಾರ ರೆಫರಿಗೂ ಅವನಿಗೂ ನಡುವೆ ಬಂದು ನಿಂತು, ಅವನನ್ನು ಮೈದಾನದ ಕಡೆ ತಿರುಗಿಸಬೇಕು. ಏನು ಹೇಳಬೇಕು ಅನ್ನುವುದು ತುಂಬಾ ಮುಖ್ಯ. "ಸಮಾಧಾನ ಮಾಡ್ಕೋ" ಅಂದರೆ ಸಿಟ್ಟಾದವನಿಗೆ ಇನ್ನೂ ಸಿಟ್ಟು ಬರುತ್ತದೆ. ಬೇಕಾದರೆ ಮನೆಯಲ್ಲಿ ಅಂದು ನೋಡಿ! ಅವನ ಹೆಸರು ಕರೆದು ಒಂದು ಕೆಲಸ ಹೇಳಬೇಕು. "ಎಡಗಡೆ ಹೋಗೋ, ಒಂಬತ್ತನೇ ನಂಬರ್ ನಿನ್ನವನು." ಕೆಲಸ ಸಿಕ್ಕಿತು ಅಂದರೆ ಕಣ್ಣು ಆ ಕಡೆ ಹೋಗುತ್ತದೆ. ಕಾಲು ಹೋಗುತ್ತದೆ. ಸಿಟ್ಟು ಇದ್ದರೂ ಇರಲಿ, ಜಾಗ ತಪ್ಪಲಿಲ್ಲ ಅಷ್ಟು ಸಾಕು.

ಉಸಿರಿನದ್ದೂ ಒಂದಿದೆ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಂಡು ಆರು ಎಣಿಸುತ್ತಾ ಬಿಡುವುದು. ಒಂದೇ ಸಲ ಸಾಕು. ಪೆನಾಲ್ಟಿ ಕೊಟ್ಟಾಗ ಇದಕ್ಕೆ ಸಮಯ ಇರುತ್ತದೆ, ಥ್ರೋ ಇನ್‌ಗೆ ಇರಲ್ಲ.

ಚೆಂಡು ನೋಡು ಅನ್ನುವುದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2023ರ ಮಾರ್ಚ್ 3ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇ ಆಫ್ ನೆನಪಿಸಿಕೊಳ್ಳಿ. ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ಪಂದ್ಯ. ಹೆಚ್ಚುವರಿ ಸಮಯದ 96ನೇ ನಿಮಿಷ. ಬ್ಲಾಸ್ಟರ್ಸ್ ಆಟಗಾರರು ಚೆಂಡಿಗೆ ಅಡ್ಡವಾಗಿ ಸಾಲಾಗಿ ನಿಂತು ಗೋಡೆ ಕಟ್ಟಿ ಮುಗಿಸುವ ಮುಂಚೆಯೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಗೋಲು ಅಂದರು. ಅದು ಸರಿಯೋ ತಪ್ಪೋ ಅನ್ನುವ ಚರ್ಚೆ ಇವತ್ತಿಗೂ ಬಿಸಿಯಾಗಿದೆ. ಆದರೆ ಆಟಗಾರರಿಗೆ ಹೇಳಬೇಕಾದ ಪಾಠ ಚರ್ಚೆಯಲ್ಲಿಲ್ಲ. ಸೀಟಿ ಊದಿದ ಮೇಲೆ ಕಿಕ್ ಅಂತ ರೆಫರಿ ಸೂಚಿಸದೆ ಇದ್ದರೆ ಫ್ರೀ ಕಿಕ್ ತಕ್ಷಣ ಹೊಡೆಯಬಹುದು. ಹಾಗಾಗಿ ಫೌಲ್ ಆದ ಕೂಡಲೇ ಯಾರಾದರೂ ಒಬ್ಬರ ಕಣ್ಣು ಚೆಂಡಿನ ಮೇಲೆ ಇರಲೇಬೇಕು.

ಇದಕ್ಕೆ ಹಳೆಯ ಒಂದು ಉದಾಹರಣೆಯೂ ಇದೆ. 1982ರ ವಿಶ್ವಕಪ್, ಫ್ರಾನ್ಸ್ ಮತ್ತು ಕುವೈತ್. ಪ್ರೇಕ್ಷಕರ ಕಡೆಯಿಂದ ಬಂದ ಸೀಟಿ ಕೇಳಿ ಕುವೈತ್ ಆಟಗಾರರು ನಿಂತುಬಿಟ್ಟರು. ಫ್ರಾನ್ಸ್‌ನ ಅಲೈನ್ ಜಿರೆಸ್ ಗೋಲು ಹೊಡೆದ. ಕುವೈತ್ ರಾಜಮನೆತನದ ಶೇಖ್ ಫಹಾದ್ ಮೈದಾನಕ್ಕೇ ಇಳಿದು ಬಂದರು. ಕೊನೆಗೆ ರೆಫರಿ ಗೋಲು ರದ್ದು ಮಾಡಿದರು. ಆದರೂ ಕುವೈತ್ ಸೋತಿದ್ದು 4-1ರಿಂದ. ರೆಫರಿಯ ಕೈಸನ್ನೆ ನಿಮಗೆ ಕಾಣುವವರೆಗೂ ಆಟ ನಿಲ್ಲಿಸಬೇಡಿ.

ತಪ್ಪು ತೀರ್ಪನ್ನೇ ಅಭ್ಯಾಸಕ್ಕೆ ತನ್ನಿ

ಇದು ಈ ಇಡೀ ಲೇಖನದ ಜೀವ. ಮೇಲೆ ಹೇಳಿದ್ದೆಲ್ಲ ಬಾಯಿಮಾತಲ್ಲಿ ಹೇಳಿದರೆ ಹುಡುಗರು ತಲೆ ಆಡಿಸುತ್ತಾರೆ. ಪಂದ್ಯದಲ್ಲಿ ಮರೆಯುತ್ತಾರೆ. ಮೈಗೆ ಹತ್ತಬೇಕು ಅಂದರೆ ಮೈದಾನದಲ್ಲೇ ಮಾಡಿಸಬೇಕು.

ನಾವು ಹೀಗೆ ಮಾಡುತ್ತೇವೆ. ಎಂಟು ಎಂಟು ಜನರ ಎರಡು ತಂಡ, ಇಪ್ಪತ್ತು ನಿಮಿಷದ ಆಟ. ನನ್ನ ಜೊತೆಗಿರುವ ಕೋಚ್ ರೆಫರಿ. ನಾನು ಟೋಪಿ ತೆಗೆದರೆ ಅವರು ಮುಂದಿನ ತೀರ್ಪು ಬೇಕಂತಲೇ ತಪ್ಪು ಕೊಡಬೇಕು. ಇಪ್ಪತ್ತು ನಿಮಿಷದಲ್ಲಿ ನಾಲ್ಕೈದು ಸಲ. ಒಂದು ಸಲ ಸುಳ್ಳು ಆಫ್‌ಸೈಡ್, ಒಂದು ಸಲ ಇಲ್ಲದ ಪೆನಾಲ್ಟಿ. ತೀರ್ಪು ಬಂದಾಗ ಎದುರಿನವರು ತಕ್ಷಣ ಆಟ ಶುರು ಮಾಡಬಹುದು. ಅದೇ ಈ ಅಭ್ಯಾಸದ ಶಿಕ್ಷೆ. ವಾದ ಮಾಡಿದವನಿಗೆ ನಾನು ಬೈಯುವುದಿಲ್ಲ, ಓಡಿಸುವುದಿಲ್ಲ. ಅವನ ಹಿಂದೆ ಗೋಲು ಬೀಳುತ್ತದೆ. ಅದಕ್ಕಿಂತ ಚೆನ್ನಾಗಿ ನಾನು ಏನು ಹೇಳಿಕೊಡಲಿ?

ಮೊದಲ ದಿನ ಬರೀ ಗಲಾಟೆ. ಒಬ್ಬ ಹುಡುಗ ತಂಡದ ಗುರುತಿಗೆ ಹಾಕುವ ಬಿಬ್ ಕಿತ್ತು ಎಸೆದ. ಮೂರನೇ ಸಲಕ್ಕೆ ಬದಲಾವಣೆ ಕಾಣಲು ಶುರುವಾಯಿತು. ಸೀಟಿ ಕೇಳಿದ ಕೂಡಲೇ ಗೋಲ್‌ಕೀಪರ್ ಕೂಗುತ್ತಿದ್ದ, ಡಿಫೆಂಡರ್‌ಗಳು ಹಿಂದಕ್ಕೆ ಓಡುತ್ತಿದ್ದರು, ಮುಖದಲ್ಲಿ ಸಿಟ್ಟು ಇದ್ದೇ ಇತ್ತು.

ನಾನು ಅಳೆಯುವುದು ಒಂದನ್ನೇ. ಸೀಟಿ ಊದಿದ ಮೇಲೆ ಎಲ್ಲರೂ ಚೆಂಡಿನ ಹಿಂದೆ ಬರೋಕೆ ಎಷ್ಟು ಸೆಕೆಂಡು? ಶುರುವಿನಲ್ಲಿ ಹತ್ತು ಹನ್ನೊಂದು ಆಗುತ್ತಿತ್ತು. ಐದಕ್ಕೆ ತರುವುದು ಗುರಿ. ಸಂಖ್ಯೆ ಗಟ್ಟಿಯಾಗಿ ಕೂಗಿ ಹೇಳಿ. ಹುಡುಗರಿಗೆ ಅದೇ ಒಂದು ಆಟವಾಗುತ್ತದೆ.

ಎರಡು ಎಚ್ಚರಿಕೆ. ಇದನ್ನು ಪ್ರತಿ ದಿನ ಮಾಡಬೇಡಿ, ಹದಿನೈದು ದಿನಕ್ಕೊಮ್ಮೆ ಸಾಕು. ಜಾಸ್ತಿ ಆದರೆ ರೆಫರಿಗಳೆಲ್ಲ ಮೋಸಗಾರರು ಅನ್ನುವ ಭಾವನೆ ಮಕ್ಕಳಲ್ಲಿ ಕೂತುಬಿಡುತ್ತದೆ. ಹನ್ನೆರಡು ವರ್ಷಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡ. ಆ ವಯಸ್ಸಿನಲ್ಲಿ ದೊಡ್ಡವರು ಬೇಕಂತ ತಪ್ಪು ಹೇಳಿದರೆ ಅವರಿಗೆ ನಿಜವಾಗಿ ನೋವಾಗುತ್ತದೆ.

ಇದರ ಜೊತೆಗೆ ಇನ್ನೊಂದು ಮಾಡಿ. ಯಾರು ಜಾಸ್ತಿ ದೂರುತ್ತಾನೋ ಅವನ ಕೈಗೆ ಸೀಟಿ ಕೊಡಿ. ಒಂದು ಅಭ್ಯಾಸ ಪಂದ್ಯ ಪೂರ್ತಿ ಅವನೇ ರೆಫರಿ. ನಮ್ಮ ಸ್ಟ್ರೈಕರ್ ಒಬ್ಬ ಪ್ರತಿ ಆಫ್‌ಸೈಡ್‌ಗೂ ಗೊಣಗುತ್ತಿದ್ದ. ಅವನಿಗೆ ಬಾವುಟ ಕೊಟ್ಟು ಗೆರೆ ಮೇಲೆ ನಿಲ್ಲಿಸಿದೆ. ಪಾಸ್ ಕೊಡುವವನ ಕಾಲನ್ನೂ ನೋಡಬೇಕು, ಓಡುವವನ ಭುಜವನ್ನೂ ನೋಡಬೇಕು. ಎರಡೂ ಬೇರೆ ಬೇರೆ ಕಡೆ, ಒಂದೇ ಕ್ಷಣ. ಹತ್ತು ನಿಮಿಷಕ್ಕೆ ಬೆವರಿ ಬಂದು "ಸರ್, ಎರಡೂ ಒಟ್ಟಿಗೆ ನೋಡೋಕೆ ಆಗಲ್ಲ ಸರ್" ಅಂದ. ಆಮೇಲೆ ಗೊಣಗುವುದು ಪೂರ್ತಿ ನಿಂತಿತು ಅಂತ ಹೇಳಲಾರೆ, ತುಂಬಾ ಕಡಿಮೆ ಆಯಿತು.

ಬೆಂಚಿನಲ್ಲಿ ಕೂತವರ ಕೆಲಸ

ಕೋಚ್ ಎದ್ದು ಕೂಗಿದರೆ ಆಟಗಾರರಿಗೆ ಪರವಾನಗಿ ಸಿಕ್ಕಂತೆ. ಇದನ್ನು ನಾನು ನನಗೇ ಪ್ರತಿ ಪಂದ್ಯದ ಮುಂಚೆ ಹೇಳಿಕೊಳ್ಳುತ್ತೇನೆ. 2019ರಿಂದ ಕೋಚ್‌ಗಳಿಗೂ ಹಳದಿ, ಕೆಂಪು ಕಾರ್ಡ್ ಇದೆ. ಬೆಂಚಿನಿಂದ ಯಾರು ಬೈದರು ಅಂತ ರೆಫರಿಗೆ ಗೊತ್ತಾಗದಿದ್ದರೆ ಅಲ್ಲಿರುವ ಮುಖ್ಯ ಕೋಚ್‌ಗೇ ಕಾರ್ಡ್ ಬೀಳುತ್ತದೆ. ಹಾಗಾಗಿ ಬೆಂಚಿನಲ್ಲೂ ಮಾತಾಡುವವರು ಒಬ್ಬರೇ ಇರಲಿ.

ಇನ್ನೊಬ್ಬರ ಕೈಯಲ್ಲಿ ಒಂದು ಚೀಟಿ ಇರಲಿ. ಯಾರಿಗೆ ಹಳದಿ ಬಿದ್ದಿದೆ, ಅದಾದ ಮೇಲೆ ಯಾರು ಎಷ್ಟು ಸಲ ರೆಫರಿ ಕಡೆ ಕೈ ಎತ್ತಿದರು ಅಂತ ಗುರುತು ಹಾಕುತ್ತಾ ಹೋಗಬೇಕು. ಹಳದಿ ಇರುವವನು ಇನ್ನೆರಡು ಸಲ ಕೈ ಎತ್ತಿದರೆ ಅವನನ್ನು ಬದಲಿಸುವ ಯೋಚನೆ ಮಾಡಿ. ಅವನು ಎಷ್ಟೇ ಒಳ್ಳೆ ಆಟಗಾರನಾಗಿರಲಿ.

2006ರ ವಿಶ್ವಕಪ್‌ನಲ್ಲಿ ನ್ಯೂರೆಂಬರ್ಗ್‌ನಲ್ಲಿ ಪೋರ್ಚುಗಲ್, ನೆದರ್ಲೆಂಡ್ಸ್ ಆಡಿದ ಪಂದ್ಯ ನೋಡಿದವರು ಮರೆಯಲಾರರು. ರೆಫರಿ ವ್ಯಾಲೆಂಟಿನ್ ಇವಾನೊವ್ 16 ಹಳದಿ, 4 ಕೆಂಪು ಕಾರ್ಡ್ ತೋರಿಸಿದರು. ಅದರಲ್ಲಿ ಪೋರ್ಚುಗಲ್‌ನ ಡೆಕೊ ಕಥೆ ಕೇಳಿ. ಆಟ ನಿಂತಾಗ ಚೆಂಡನ್ನು ನೆದರ್ಲೆಂಡ್ಸ್ ವಾಪಸ್ ಕೊಡಲಿಲ್ಲ. ಆ ಸಿಟ್ಟಿಗೆ ಡೆಕೊ ಹೋಗಿ ಒಬ್ಬನನ್ನು ಕೆಡವಿದ, 73ನೇ ನಿಮಿಷಕ್ಕೆ ಹಳದಿ. ಐದು ನಿಮಿಷ ಕಳೆದ ಮೇಲೆ ಎದುರಾಳಿಗೆ ಸಿಕ್ಕ ಫ್ರೀ ಕಿಕ್‌ಗೆ ಚೆಂಡು ಬಿಟ್ಟುಕೊಡದೆ ಹಿಡಿದುಕೊಂಡ. ಇನ್ನೊಂದು ಹಳದಿ, ಹೊರಗೆ. ಪೋರ್ಚುಗಲ್ 1-0 ಗೆದ್ದಿತು ನಿಜ, ಆದರೆ ಕ್ವಾರ್ಟರ್ ಫೈನಲ್‌ಗೆ ಡೆಕೊ ಇರಲಿಲ್ಲ. ಡೆಕೊ ಹಾಗೆ ಮೊದಲ ಕಾರ್ಡ್ ತಗೊಂಡವನ ಕಣ್ಣು ನೋಡಿ. ಬೆಂಚಿನಿಂದಲೇ ಗೊತ್ತಾಗುತ್ತದೆ.

ಒಬ್ಬ ಹೊರಗೆ ಹೋದರೆ ಏನು ಮಾಡಬೇಕು ಅನ್ನುವುದನ್ನೂ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ. ನಾವು 4-4-1ಕ್ಕೆ (ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಒಬ್ಬ) ಬರುತ್ತೇವೆ, ಮೊದಲ ಐದು ನಿಮಿಷ ಚೆಂಡು ದೂರ ಇಡುತ್ತೇವೆ. ಆಗ ಯೋಚನೆ ಮಾಡುವ ಪ್ರಮೇಯ ಬರಲ್ಲ.

ಗೆರೆಯ ಹೊರಗೆ ನಿಂತ ಅಪ್ಪ ಅಮ್ಮಂದಿರಿಗೂ ಒಂದು ಮಾತು ಮೊದಲೇ ಹೇಳಿಬಿಡಿ. ಮಗನ ಹೆಸರು ಕೂಗಿ, ರೆಫರಿಯನ್ನು ಕೂಗಬೇಡಿ.

ಹಾಫ್ ಟೈಮ್‌ನಲ್ಲಿ

ಸಿಟ್ಟು ಒಳಗೆ ಇಟ್ಟುಕೊಳ್ಳಿ ಅಂದರೆ ಆಗಲ್ಲ. ಒಂದು ನಿಮಿಷ ಕೊಡಿ, ಗಡಿಯಾರ ನೋಡಿ. ಏನು ಬೇಕಾದರೂ ಹೇಳಿಕೊಳ್ಳಲಿ. ನಿಮಿಷ ಮುಗಿದ ಮೇಲೆ ರೆಫರಿ ಬಗ್ಗೆ ಒಂದೇ ಪ್ರಶ್ನೆ ಇರಬೇಕು: ಇವರು ಇವತ್ತು ಯಾವುದಕ್ಕೆ ಊದುತ್ತಿದ್ದಾರೆ, ಯಾವುದನ್ನು ಬಿಡುತ್ತಿದ್ದಾರೆ? ಬೆನ್ನ ಮೇಲೆ ಕೈ ಇಟ್ಟರೆ ಊದುತ್ತಾರೆ ಅಂದರೆ ಕೈ ಇಡಬೇಡಿ. ಭುಜಕ್ಕೆ ಭುಜ ತಾಗಿದರೆ ಬಿಡುತ್ತಾರೆ ಅಂದರೆ ಅದನ್ನು ನಾವೂ ಬಳಸೋಣ. ಇಬ್ಬನಿ, ಗಾಳಿ, ಒದ್ದೆ ಹುಲ್ಲು ನೋಡಿ ಆಟ ಬದಲಿಸುತ್ತೇವೆ ಅಲ್ವಾ? ರೆಫರಿ ಊದುವ ರೀತಿಯನ್ನೂ ಹಾಗೇ ನೋಡಬೇಕು.

ಆಮೇಲೆ ಅವಸರದ ಮಾತು. ಒಂದು ಗೋಲು ಹಿಂದಿದ್ದರೆ ದ್ವಿತೀಯಾರ್ಧದ ಮೊದಲ ಹದಿನೈದು ನಿಮಿಷ ನಮ್ಮ ಮಾಮೂಲಿ ಆಟವನ್ನೇ ಆಡುತ್ತೇವೆ. ಎಲ್ಲರೂ ಮುಂದೆ ಹೋಗುವುದು ಕೊನೆಯ ಹತ್ತು ನಿಮಿಷಕ್ಕೆ.

ಮೈದಾನ ಬಿಟ್ಟು ಹೋಗಬೇಡಿ

ಛೆಟ್ರಿ ಗೋಲಿನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಆಗ ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಆಟಗಾರರನ್ನು ಹೊರಗೆ ಕರೆದುಕೊಂಡು ಹೋದರು. ಪಂದ್ಯ 1-0ರಿಂದ ಬೆಂಗಳೂರಿಗೆ ಹೋಯಿತು. ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯ ನಿಷೇಧ. ಆದರೆ ನನಗೆ ಹೊಟ್ಟೆ ಉರಿಯುವುದು ದಂಡಕ್ಕಲ್ಲ. ಆಗ ಇನ್ನೂ 96ನೇ ನಿಮಿಷ. ಆಡಲು ಇಪ್ಪತ್ತಕ್ಕೂ ಹೆಚ್ಚು ನಿಮಿಷ ಇತ್ತು. ಒಂದೇ ಗೋಲು ಬೇಕಿತ್ತು. ಆ ಆಟಗಾರರಿಗೆ ಅದಕ್ಕೆ ಪ್ರಯತ್ನ ಪಡುವ ಅವಕಾಶವೇ ಸಿಗಲಿಲ್ಲ.

2002ರಲ್ಲಿ ಮಡಗಾಸ್ಕರ್‌ನಲ್ಲಿ ಇನ್ನೂ ವಿಚಿತ್ರ ನಡೆಯಿತು. ರೆಫರಿಯ ತೀರ್ಪಿನ ಮೇಲಿನ ಸಿಟ್ಟಿಗೆ ಒಂದು ತಂಡ ತನ್ನ ಗೋಲಿಗೆ ತಾನೇ ಚೆಂಡು ಹೊಡೆಯುತ್ತಾ ಹೋಯಿತು. ಪಂದ್ಯ ಮುಗಿದಾಗ 149-0. ಸಿಟ್ಟು ಎಲ್ಲರಿಗೂ ಗೊತ್ತಾಯಿತು, ತೀರ್ಪು ಮಾತ್ರ ಬದಲಾಗಲಿಲ್ಲ.

ದೂರು ಕೊಡುವುದಿದ್ದರೆ ಬರೆದು ಕೊಡಿ. ಟೂರ್ನಿಯ ನಿಯಮದಲ್ಲಿ ಎಷ್ಟು ಗಂಟೆಯೊಳಗೆ ಕೊಡಬೇಕು ಅಂತ ಇರುತ್ತದೆ, ನೋಡಿಕೊಳ್ಳಿ. ಎಷ್ಟನೇ ನಿಮಿಷ, ಏನು ನಡೆಯಿತು, ಯಾವ ನಿಯಮ, ವಿಡಿಯೋ ಇದ್ದರೆ ಅದು. ಇಷ್ಟೇ. "ಅದು ಪೆನಾಲ್ಟಿ ಅಲ್ಲ" ಅನ್ನುವ ದೂರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ರೆಫರಿ ನಿಯಮವನ್ನೇ ತಪ್ಪಾಗಿ ಬಳಸಿದ್ದರೆ, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ಕೊಟ್ಟಿದ್ದರೆ ದೂರಿಗೆ ಬಲ ಇರುತ್ತದೆ. ರಾತ್ರಿ ಬರೆಯಿರಿ, ಬೆಳಿಗ್ಗೆ ಇನ್ನೊಮ್ಮೆ ಓದಿ ಕಳಿಸಿ.

ಆಟಗಾರರ ಮೊಬೈಲ್‌ಗೂ ಆ ರಾತ್ರಿ ರಜೆ ಕೊಡಿಸಿ. 2009ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಚೆಲ್ಸಿ ಕೇಳಿದ ಹಲವು ಪೆನಾಲ್ಟಿಗಳನ್ನು ರೆಫರಿ ಟಾಮ್ ಹೆನ್ನಿಂಗ್ ಓವ್ರೆಬೊ ಕೊಡಲಿಲ್ಲ. 93ನೇ ನಿಮಿಷಕ್ಕೆ ಇನಿಯೆಸ್ಟಾ ಗೋಲು ಹೊಡೆದು ಚೆಲ್ಸಿಯನ್ನು ಹೊರಗೆ ಹಾಕಿದ. ಚೆಲ್ಸಿಯ ಡ್ರೋಗ್ಬಾ ಟಿವಿ ಕ್ಯಾಮೆರಾ ಮುಂದೆ ಬಂದು ಕೂಗಿದ, ನಿಷೇಧ ಬಿತ್ತು. ಅದೇ ತಂಡದ ಬೋಸಿಂಗ್ವಾ ಪಂದ್ಯದ ನಂತರ ಆಡಿದ ಮಾತಿಗೆ ಅವನಿಗೂ ಬಿತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಓವ್ರೆಬೊ ಅವರಿಗೆ ಆಮೇಲೆ ಕೊಲೆ ಬೆದರಿಕೆಗಳು ಬಂದವು. ಚಿಕ್ಕ ಪಂದ್ಯಗಳಲ್ಲಿ ಎಷ್ಟೋ ಸಲ ಸೀಟಿ ಹಿಡಿದು ನಿಂತಿರುವುದು ಹದಿನೇಳು ಹದಿನೆಂಟರ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ಪಂದ್ಯ ಮುಗಿದ ಮೇಲೆ ಹನ್ನೊಂದೂ ಜನ ಹೋಗಿ ಅವರ ಕೈ ಕುಲುಕಿ ಬರಬೇಕು. ನಮ್ಮ ತಂಡದಲ್ಲಿ ಇದಕ್ಕೆ ವಿನಾಯಿತಿ ಇಲ್ಲ, ಸೋತ ದಿನವೂ.

ಎರಡು ದಿನ ಬಿಟ್ಟು ವಿಡಿಯೋ ಹಾಕಿ. ತೀರ್ಪನ್ನು ಮತ್ತೆ ಮತ್ತೆ ತೋರಿಸಬೇಡಿ. ತೀರ್ಪಿನ ನಂತರದ ಐದು ನಿಮಿಷ ತೋರಿಸಿ. ಪ್ರತಿಯೊಬ್ಬನೂ ತಾನು ಎಲ್ಲಿದ್ದೆ ಅಂತ ತಾನೇ ನೋಡಲಿ.

ಆ ದಿನ ನಾನು ಹುಡುಗರಿಗೆ ಕೊನೆಗೆ ಹಾಕುವ ವಿಡಿಯೋ 2010ರ ವಿಶ್ವಕಪ್‌ನದ್ದು. ಜೂನ್ 18ಕ್ಕೆ ಸ್ಲೊವೇನಿಯಾ ವಿರುದ್ಧ ಅಮೆರಿಕ 2-0 ಹಿಂದಿದ್ದು 2-2 ಮಾಡಿಕೊಂಡಿತ್ತು. ಕೊನೆಯಲ್ಲಿ ಅಮೆರಿಕದ ಮೊರಿಸ್ ಎಡು ಹೊಡೆದ ಗೋಲನ್ನು ರೆಫರಿ ಕೊಮಾನ್ ಕುಲಿಬಾಲಿ ಒಪ್ಪಲಿಲ್ಲ. ಐದು ದಿನ ಬಿಟ್ಟು ಅಲ್ಜೀರಿಯಾ ವಿರುದ್ಧ ಗೆಲ್ಲಲೇಬೇಕಾದ ಪಂದ್ಯ. ಅಲ್ಲೂ ಮೊದಲಾರ್ಧದಲ್ಲಿ ಕ್ಲಿಂಟ್ ಡೆಂಪ್ಸಿ ಹೊಡೆದ ಗೋಲು ಆಫ್‌ಸೈಡ್ ಅಂತ ಹೋಯಿತು. 90 ನಿಮಿಷ ಮುಗಿದರೂ 0-0. ಆಗ ಗೋಲ್‌ಕೀಪರ್ ಟಿಮ್ ಹೊವಾರ್ಡ್ ಚೆಂಡು ಹಿಡಿದು ಲ್ಯಾಂಡನ್ ಡೊನೊವನ್‌ಗೆ ದೂರ ಎಸೆಯುತ್ತಾನೆ. ಅಲ್ಲಿ ವಿಡಿಯೋ ನಿಲ್ಲಿಸಿ ಕೇಳುತ್ತೇನೆ, "ಡೆಂಪ್ಸಿ ಎಲ್ಲಿದ್ದಾನೆ, ಹುಡುಕಿ." ಗೋಲು ಕಳೆದುಕೊಂಡವನು ಅವನೇ ಅಲ್ವಾ? ಮತ್ತೆ ಓಡಿಸುತ್ತೇನೆ. ಡೊನೊವನ್‌ನಿಂದ ಆಲ್ಟಿಡೋರ್‌ಗೆ, ಆಲ್ಟಿಡೋರ್ ಕ್ರಾಸ್ ಕೊಡುವಾಗ ಗೋಲಿನ ಬಾಯಲ್ಲಿ ಡೆಂಪ್ಸಿ ಬಂದಿರುತ್ತಾನೆ. ಅವನ ಹೊಡೆತ ಕೀಪರ್‌ಗೆ ತಾಗಿ ವಾಪಸ್ ಬರುತ್ತದೆ, ಹಿಂದಿನಿಂದ ಓಡಿ ಬಂದ ಡೊನೊವನ್ ಅದನ್ನು ಒಳಗೆ ಹಾಕುತ್ತಾನೆ.